ತಪ್ಪು ಸರ್ವರ್‌ದಲ್ಲ, ಫಾರ್ಮ್ ಬರೆದವರದು

ಕಲಬುರಗಿಯಲ್ಲಿ ಕಂಪ್ಯೂಟರ್ ಮುಟ್ಟದವರಿಗೂ ‘ಸರ್ವರ್’ ಅನ್ನೋ ಪದ ಗೊತ್ತು. ಅದು ಒಂದೋ ‘ಬಿಜಿ’ ಇರುತ್ತೆ, ಇಲ್ಲಾ ‘ಡೌನ್’ ಆಗಿರುತ್ತೆ. 2023ರ ಜೂನ್-ಜುಲೈನಲ್ಲಿ ಗೃಹಜ್ಯೋತಿ, ಗೃಹಲಕ್ಷ್ಮಿ ಅರ್ಜಿಗಳು ಶುರುವಾದ ಮೇಲಂತೂ ಈ ಪದ ಪ್ರತಿ ಮನೆಯ ಕಟ್ಟೆಗೂ ಬಂತು. “ಸರ್ವರ್ ಇಲ್ಲಂತ, ನಾಳಿ ಬಾ ಅಂದಾರ” ಅಂತ ಅಜ್ಜಿಯರು ಹೇಳ್ತಾರೆ, ಲೈನ್‌ಮನ್ ಕರೆಂಟ್ ತೆಗೆದಾನ ಅನ್ನೋ ಹಾಗೆ.

ನನ್ನ ವಾದ ಇಷ್ಟೇ. ಈ ಸರ್ವರ್ ಮೇಲೆ ಹಾಕುವ ಆಪಾದನೆಗಳಲ್ಲಿ ಎಷ್ಟೋ ಅದಕ್ಕೆ ಸೇರಿದ್ದಲ್ಲ. ಅವು ಫಾರ್ಮ್‌ಗೆ ಸೇರಿದ್ದು. ಫಾರ್ಮ್ ಅಂದ್ರೆ ಎಚ್‌ಟಿಎಂಎಲ್ ಫಾರ್ಮ್, ನಾವು ವೆಬ್ ಲ್ಯಾಬ್‌ನಲ್ಲಿ ಅರ್ಧ ಗಂಟೆಯಲ್ಲಿ ಬರೆದು, ಎಕ್ಸಾಂಪ್ ಆನ್ ಮಾಡಿ, ಸಬ್ಮಿಟ್ ಒತ್ತಿ, ಹೆಸರು ಪರದೆ ಮೇಲೆ ಬಂದ ಕೂಡಲೇ ರೆಕಾರ್ಡ್‌ಗೆ ಸಹಿ ಹಾಕಿಸಿಕೊಳ್ಳೋ ಅದೇ ಫಾರ್ಮ್. ಒತ್ತಿದ್ದಕ್ಕೂ ಬಂದಿದ್ದಕ್ಕೂ ನಡುವೆ ಏನಾಯ್ತು ಅಂತ ಎಕ್ಸ್‌ಟರ್ನಲ್ ಕೇಳಲ್ಲ, ನಾವೂ ಹೇಳಲ್ಲ. ಇನ್ನೆರಡು ವರ್ಷಕ್ಕೆ ನಮ್ಮಲ್ಲಿ ಕೆಲವರು ಇದನ್ನೇ ಸಂಬಳಕ್ಕೆ ಬರೀತಾರೆ. ಆಗ ಆ ನಡುವಿನ ಜಾಗ ಗೊತ್ತಿಲ್ಲದಿದ್ದರೆ ನಷ್ಟ ನಮಗಲ್ಲ, ಕ್ಯೂನಲ್ಲಿ ನಿಂತವರಿಗೆ.

ಕ್ಯೂ ನೋಡಬೇಕಂದ್ರೆ ಸ್ಟೇಶನ್ ಬಜಾರಕ್ಕೆ ಹೋಗಿ. ಒಂದು ಕಡೆ ರೈಲ್ವೆ ಸ್ಟೇಶನ್, ಇನ್ನೊಂದು ಕಡೆ ಮಿನಿ ವಿಧಾನಸೌಧ. ಹಾಗಾಗಿ ಝೆರಾಕ್ಸ್ ಅಂಗಡಿ, ನೆಟ್ ಸೆಂಟರ್ ಇಲ್ಲಿ ಕಡಿಮೆ ಇಲ್ಲ. ರೂಮ್‌ಮೇಟ್‌ನ ಸ್ಕಾಲರ್‌ಶಿಪ್ ಅರ್ಜಿಗಾಗಿ ನಾನು ಅಂಥ ಒಂದು ಅಂಗಡಿಯಲ್ಲಿ ಎರಡು ಮಧ್ಯಾಹ್ನ ಕೂತಿದ್ದೆ. ಅಂಗಡಿಯ ಅಣ್ಣ ಓದಿದ್ದು ಪಿಯುಸಿ ಆರ್ಟ್ಸ್. ಆದ್ರೆ ಎಚ್‌ಟಿಎಂಎಲ್ ಫಾರ್ಮ್ ಎಲ್ಲೆಲ್ಲಿ ಕೈಕೊಡುತ್ತೆ ಅನ್ನೋ ವಿಷಯದಲ್ಲಿ ನನ್ನ ಕ್ಲಾಸಿನ ಯಾರಿಗಿಂತಲೂ ಅವರಿಗೆ ಹೆಚ್ಚು ಗೊತ್ತು.

ಅವರು ಅರ್ಜಿಯನ್ನು ನೇರವಾಗಿ ಬ್ರೌಸರ್‌ನಲ್ಲಿ ತುಂಬಲ್ಲ. ಮೊದಲು ನೋಟ್‌ಪ್ಯಾಡ್‌ನಲ್ಲಿ ಎಲ್ಲಾ ಟೈಪ್ ಮಾಡ್ತಾರೆ. ಹೆಸರು, ತಂದೆ ಹೆಸರು, ವಿಳಾಸ, ಅಕೌಂಟ್ ನಂಬರ್. ಆಮೇಲೆ ಒಂದೊಂದನ್ನೇ ಕಾಪಿ ಮಾಡಿ ಫಾರ್ಮ್‌ನಲ್ಲಿ ಹಾಕ್ತಾರೆ. ಯಾಕಣ್ಣಾ ಎರಡೆರಡು ಕೆಲಸ ಅಂದೆ. “ಒಂದು ತಪ್ಪಾತಂದ್ರ ಎಲ್ಲಾ ಅಳಿಸಿ ಹೋಗ್ತದ ತಮ್ಮಾ. ಇಪ್ಪತ್ತು ಮಂದಿ ನಿಂತಾರ, ಮತ್ತ ಯಾರ್ ಹೊಡೀಬೇಕು?” ಅಂದರು. ನೋಟ್‌ಪ್ಯಾಡ್ ಅವರ ಬ್ಯಾಕಪ್. ಫೋಟೋ ಸೈಜ್ ಕಮ್ಮಿ ಮಾಡೋ ಸೈಟ್ ಬೇರೆ ಟ್ಯಾಬ್‌ನಲ್ಲಿ ಸದಾ ತೆರೆದಿರುತ್ತೆ. ಸರ್‌ನೇಮ್ ಬಾಕ್ಸ್ ಕಡ್ಡಾಯ ಅಂದ್ರೆ ಒಂದು ಚುಕ್ಕಿ ಹಾಕ್ತಾರೆ, ಚುಕ್ಕಿ ಬೇಡ ಅಂದ್ರೆ ಹೆಸರನ್ನೇ ಎರಡು ಸಲ. ಒಂದು ಅರ್ಜಿಗೆ 50 ರೂಪಾಯಿ. ಅದರಲ್ಲಿ ಟೈಪಿಂಗ್‌ಗೆ ಎಷ್ಟು, ಯಾರೋ ಕೆಟ್ಟದಾಗಿ ಬರೆದ ಫಾರ್ಮ್ ಜೊತೆ ಗುದ್ದಾಡೋದಕ್ಕೆ ಎಷ್ಟು ಅಂತ ಲೆಕ್ಕ ಹಾಕಿದರೆ, ಎರಡನೇದೇ ಜಾಸ್ತಿ ಅಂತ ನನಗನ್ನಿಸಿತು.

ಎಲ್ಲಾ ಯಾಕೆ ಅಳಿಸಿ ಹೋಗುತ್ತೆ ಅಂತ ತಿಳೀಬೇಕಾದರೆ ಫಾರ್ಮ್ ಮಾಡೋ ಕೆಲಸ ಏನು ಅಂತ ನೋಡಬೇಕು. ಗೊತ್ತಿರೋರು ಈ ಪ್ಯಾರಾ ದಾಟಿ ಹೋಗಬಹುದು. ಆದರೆ ಮೆಕ್ಯಾನಿಕಲ್, ಸಿವಿಲ್‌ನವರು ಓದಿ, ನಿಮ್ಮ ಮನೆಯವರೂ ಅದೇ ಕ್ಯೂನಲ್ಲಿ ಇದ್ದಾರೆ. ಫಾರ್ಮ್ ಟ್ಯಾಗ್‌ಗೆ ಮುಖ್ಯವಾಗಿ ಎರಡು ವಿಷಯ ಹೇಳಿರುತ್ತೀವಿ. ಆ್ಯಕ್ಷನ್ ಅಂದ್ರೆ ಎಲ್ಲಿಗೆ ಕಳಿಸಬೇಕು, ಮೆಥಡ್ ಅಂದ್ರೆ ಹೇಗೆ ಕಳಿಸಬೇಕು. ಒಳಗಿನ ಪ್ರತಿ ಬಾಕ್ಸ್‌ಗೂ ‘ನೇಮ್’ ಅಂತ ಒಂದು ಹಣೆಪಟ್ಟಿ ಇರುತ್ತೆ. ಸಬ್ಮಿಟ್ ಒತ್ತಿದಾಗ ಬ್ರೌಸರ್ ಬಾಕ್ಸ್‌ಗಳ ಹಣೆಪಟ್ಟಿ ಮತ್ತು ಅದರಲ್ಲಿ ಬರೆದದ್ದನ್ನು ಜೋಡಿ ಮಾಡಿ, ಒಂದು ಉದ್ದ ಸಾಲಾಗಿ ಪೋಣಿಸುತ್ತೆ. ನೋಡೋಕೆ ಹೀಗಿರುತ್ತೆ: ಹೆಸರು=ಶರಣಬಸಪ್ಪ&ತಾಲೂಕು=ಕಮಲಾಪುರ&ಆದಾಯ=48000. ಅಷ್ಟೇ. ಹಣೆಪಟ್ಟಿ ಇಲ್ಲದ ಬಾಕ್ಸ್‌ನಲ್ಲಿ ನೀವು ಪುರಾಣವನ್ನೇ ಬರೆದರೂ ಅದು ಹೋಗಲ್ಲ. ಈ ಸಾಲು ಸರ್ವರ್ ಮುಟ್ಟಿದ ಮೇಲೆ ಸರ್ವರ್ ಒಂದು ಹೊಸ ಪುಟ ಕಳಿಸುತ್ತೆ. ಹಳೇ ಪುಟ ಮುಗೀತು. ತಪ್ಪಿದ್ದಾಗ ಆ ಹೊಸ ಪುಟದಲ್ಲಿ ನಿಮ್ಮ ಹೆಸರು, ವಿಳಾಸ ಮತ್ತೆ ಕಾಣಬೇಕಾದರೆ, ಪ್ರೋಗ್ರಾಂ ಬರೆದವನು ಬಂದ ಸಾಲಿನಿಂದ ಅವನ್ನು ತೆಗೆದು ಮತ್ತೆ ಬಾಕ್ಸ್‌ಗಳಲ್ಲಿ ತುಂಬಬೇಕು. ಬಾಕ್ಸ್‌ಗೆ ಒಂದು ಸಾಲಿನ ಕೋಡ್. ಬರೆಯದಿದ್ದರೆ ಖಾಲಿ ಫಾರ್ಮ್ ವಾಪಸ್ ಬರುತ್ತೆ, ಮೇಲೆ ಕೆಂಪು ಅಕ್ಷರದಲ್ಲಿ ‘ಇನ್‌ವ್ಯಾಲಿಡ್ ಇನ್‌ಪುಟ್’. ಯಾವ ಬಾಕ್ಸ್‌ನಲ್ಲಿ ಅಂತಲೂ ಇಲ್ಲ.

ಇದು ಹೊಸ ತಂತ್ರಜ್ಞಾನವೂ ಅಲ್ಲ. ಎಚ್‌ಟಿಎಂಎಲ್ 2.0 ಅಂತ ಟಿಮ್ ಬರ್ನರ್ಸ್-ಲೀ ಮತ್ತು ಡ್ಯಾನ್ ಕಾನಲಿ ಬರೆದ ದಾಖಲೆ ಬಂದದ್ದು 1995ರ ನವೆಂಬರ್‌ನಲ್ಲಿ. ಅದರಲ್ಲೇ ಫಾರ್ಮ್ ಇದೆ. ಫೈಲ್ ಅಪ್‌ಲೋಡ್ ಮಾಡೋ ಮಲ್ಟಿಪಾರ್ಟ್ ಪದ್ಧತಿಯ ದಾಖಲೆಯೂ ಅದೇ ತಿಂಗಳು ಬಂತು. ಅಂದ್ರೆ ನಾವು ಹುಟ್ಟೋದಕ್ಕಿಂತ ಹತ್ತು ವರ್ಷ ಹಳೇದು. ಇಷ್ಟು ಹಳೇ ವಸ್ತುವನ್ನ ಇನ್ನೂ ಸರಿಯಾಗಿ ಬಳಸೋಕೆ ಬರಲ್ಲ ಅಂದ್ರೆ ‘ಟೆಕ್ನಿಕಲ್ ಇಶ್ಯೂ’ ಅನ್ನೋದು ನೆಪ.

ಆ ಎರಡು ಮಧ್ಯಾಹ್ನಗಳಲ್ಲಿ ನಾನು ನೋಡಿದ್ದರಲ್ಲಿ ನನ್ನನ್ನ ಹೆಚ್ಚು ಕಾಡಿದ್ದು ಕಮಲಾಪುರದ ಒಬ್ಬ ಕಾಕಾನ ಅರ್ಜಿ. ಯಾವ ಪೋರ್ಟಲ್ ಅಂತ ಹೇಳಲ್ಲ, ಇಂಥವು ಬಹಳ ಇವೆ. ಹುಮನಾಬಾದ್ ರಸ್ತೆಯಲ್ಲಿರೋ ಕಮಲಾಪುರ ನಮಗೆಲ್ಲ ಕೆಂಪು ಬಾಳೆಹಣ್ಣಿನಿಂದ ಗೊತ್ತು. 2018ರಲ್ಲಿ ಅದು ತಾಲೂಕು ಆಯ್ತು, ಅಲ್ಲಿವರೆಗೂ ಕಲಬುರಗಿ ತಾಲೂಕಿನಲ್ಲಿತ್ತು. ಕಾಕಾನ ಮಗಳ ಆದಾಯ ಪ್ರಮಾಣಪತ್ರದಲ್ಲಿ ಕಮಲಾಪುರ ತಾಲೂಕು ಅಂತ ಇದೆ. ಫಾರ್ಮ್‌ನ ಡ್ರಾಪ್‌ಡೌನ್‌ನಲ್ಲಿ ಕಲಬುರಗಿ ಜಿಲ್ಲೆ ಆರಿಸಿದರೆ ಹಳೇ ತಾಲೂಕುಗಳ ಪಟ್ಟಿ ಬರುತ್ತೆ, ಕಮಲಾಪುರ ಇಲ್ಲ.

“ಕಾಕಾ, ನಿಮ್ಮ ತಾಲೂಕು ಇದ್ರಾಗ ಇಲ್ರಿ. ಕಲಬುರಗಿ ಅಂತ ಹಾಕ್ಲೇನ್ರಿ?”

“ಹಾಕು ತಮ್ಮಾ, ಮೊದ್ಲು ಅದೇ ಇತ್ತಲ್ಲ.”

ಹಾಕಿದರು. ಅರ್ಜಿ ಹೋಯ್ತು. ಆದರೆ ಅದನ್ನ ಪರಿಶೀಲಿಸೋ ಗುಮಾಸ್ತರ ಮುಂದೆ ಅರ್ಜಿಯಲ್ಲಿ ಒಂದು ತಾಲೂಕು, ಪ್ರಮಾಣಪತ್ರದಲ್ಲಿ ಇನ್ನೊಂದು ತಾಲೂಕು ಇರುತ್ತೆ. ‘ಮಿಸ್‌ಮ್ಯಾಚ್’ ಅಂತ ತಿರಸ್ಕಾರ ಮಾಡಿದರೆ ನಿಯಮದ ಪ್ರಕಾರ ಅವರು ಮಾಡಿದ್ದು ಸರಿ. ಕಾಕಾ ಸುಳ್ಳು ಹೇಳಿದ ಹಾಗೆ ದಾಖಲೆ ಆಯ್ತು. ಅವನ ಮುಂದೆ ನಿಜ ಹೇಳೋ ಆಯ್ಕೆಯೇ ಇರಲಿಲ್ಲ ಅನ್ನೋದು ಎಲ್ಲೂ ದಾಖಲಾಗಲ್ಲ.

ಡ್ರಾಪ್‌ಡೌನ್ ವಿಷಯದಲ್ಲಿ ನಮ್ಮ ಊರಿನಷ್ಟು ಒಳ್ಳೇ ಪಾಠ ಬೇರೆಲ್ಲೂ ಸಿಗಲಿಕ್ಕಿಲ್ಲ. 2014ರ ನವೆಂಬರ್ 1ಕ್ಕೆ ಗುಲ್ಬರ್ಗ ಅಧಿಕೃತವಾಗಿ ಕಲಬುರಗಿ ಆಯ್ತು. ವಿಶ್ವವಿದ್ಯಾಲಯ ಮಾತ್ರ ಇನ್ನೂ ಗುಲ್ಬರ್ಗ ವಿಶ್ವವಿದ್ಯಾಲಯವೇ. 2019ರಲ್ಲಿ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ ಆಯ್ತು, ಸಂವಿಧಾನದ 371(ಜೆ) ವಿಧಿಯಲ್ಲಿ ಈಗಲೂ ಹೈದರಾಬಾದ್-ಕರ್ನಾಟಕ ಅಂತಲೇ ಇದೆ. ಹಂಪಿ ಪಕ್ಕದಲ್ಲಿ ಇನ್ನೊಂದು ಕಮಲಾಪುರ ಇದೆ, ಅದು ಬಳ್ಳಾರಿ ಜಿಲ್ಲೆಯಲ್ಲಿದ್ದದ್ದು 2021ರಲ್ಲಿ ವಿಜಯನಗರ ಜಿಲ್ಲೆಗೆ ಹೋಯ್ತು. ಇಷ್ಟೆಲ್ಲ ಬದಲಾದರೂ ಒಂದು ಫಾರ್ಮ್ ಗೊಂದಲ ಮಾಡಿಕೊಳ್ಳದೆ ಇರಬಹುದು. ಯಾಕಂದ್ರೆ ಡ್ರಾಪ್‌ಡೌನ್‌ನಲ್ಲಿ ಕಣ್ಣಿಗೆ ಕಾಣೋ ಹೆಸರು ಬೇರೆ, ಸರ್ವರ್‌ಗೆ ಹೋಗೋ ‘ವ್ಯಾಲ್ಯೂ’ ಬೇರೆ. ಕಾಣೋದು ಕಲಬುರಗಿ ಅಂತ ಇದ್ದು, ಹೋಗೋದು ಒಂದು ಸಂಖ್ಯೆ ಆಗಿದ್ದರೆ, ಹೆಸರು ಹತ್ತು ಸಲ ಬದಲಾದರೂ ಸಂಖ್ಯೆ ಅದೇ ಇರುತ್ತೆ. ಜಿಲ್ಲೆ, ತಾಲೂಕು, ಗ್ರಾಮ ಎಲ್ಲಕ್ಕೂ ಇಂಥ ಸಂಖ್ಯೆ ಕೊಟ್ಟಿರೋ ಲೋಕಲ್ ಗವರ್ನ್‌ಮೆಂಟ್ ಡೈರೆಕ್ಟರಿಯನ್ನ ಕೇಂದ್ರದ ಪಂಚಾಯತ್ ರಾಜ್ ಸಚಿವಾಲಯವೇ ನಡೆಸುತ್ತೆ. ಅದನ್ನ ಬಿಟ್ಟು ಯಾರೋ ಇಂಟರ್ನ್ ಯಾವುದೋ ಹಳೇ ಸೈಟ್‌ನಿಂದ ತಾಲೂಕುಗಳ ಪಟ್ಟಿ ಕಾಪಿ ಮಾಡಿದಾಗ ಒಂದಿಡೀ ತಾಲೂಕು ನಕ್ಷೆಯಿಂದ ಮಾಯ ಆಗುತ್ತೆ. (ಆ ಇಂಟರ್ನ್ ನಾವೇ ಆಗಿರಬಹುದು, ನಗಬೇಡಿ.)

371(ಜೆ) ಬಂತಲ್ಲ, ಅದಕ್ಕೆ ಅಂಟಿಕೊಂಡ ಇನ್ನೊಂದು ಮಾತು. ಚೆಕ್‌ಬಾಕ್ಸ್ ಟಿಕ್ ಮಾಡದಿದ್ದರೆ ಬ್ರೌಸರ್ ‘ಇಲ್ಲ’ ಅಂತ ಕಳಿಸಲ್ಲ. ಏನೂ ಕಳಿಸಲ್ಲ. ಆ ಹಣೆಪಟ್ಟಿಯೇ ಸಾಲಿನಲ್ಲಿ ಇರಲ್ಲ. ‘ನೀವು ಕಲ್ಯಾಣ ಕರ್ನಾಟಕ ಮೀಸಲಾತಿ ಕೋರುತ್ತೀರಾ’ ಅನ್ನೋ ಪ್ರಶ್ನೆಯನ್ನ ಒಂದು ಚೆಕ್‌ಬಾಕ್ಸ್ ಮಾಡಿಟ್ಟರೆ, ಬೇಡ ಅಂದವನೂ, ಕೆಳಗೆ ಸ್ಕ್ರೋಲ್ ಮಾಡದೆ ಬಿಟ್ಟವನೂ ಸರ್ವರ್‌ಗೆ ಒಂದೇ ಥರ ಕಾಣ್ತಾರೆ. ‘ಹೌದು’, ‘ಇಲ್ಲ’ ಅಂತ ಎರಡು ರೇಡಿಯೋ ಬಟನ್ ಇಟ್ಟು, ಎರಡರಲ್ಲೊಂದನ್ನ ಆರಿಸಲೇಬೇಕು ಅಂದರೆ ಈ ತೊಂದರೆ ಇರಲ್ಲ. ನಮ್ಮಲ್ಲಿ ಎಷ್ಟೋ ಜನಕ್ಕೆ ಈ ಕಾಲೇಜಿನ ಸೀಟು ಸಿಕ್ಕಿದ್ದೇ ಆ ವಿಧಿಯಿಂದ. ಒಂದು ಟಿಕ್ ಮೇಲೆ ಅಷ್ಟು ದೊಡ್ಡದನ್ನ ನಿಲ್ಲಿಸೋದು ನನಗೆ ಸರಿ ಕಾಣಲ್ಲ.

ಇದೇ ಜಾತಿಯ ಇನ್ನೊಂದು ಪೆಟ್ಟು ‘ಡಿಸೇಬಲ್ಡ್’ ಬಾಕ್ಸ್. ಆಧಾರ್‌ನಿಂದ ತಾನಾಗಿ ಬಂದ ಹೆಸರನ್ನ ಯಾರೂ ತಿದ್ದಬಾರದು ಅಂತ ಅದನ್ನ ಬೂದು ಬಣ್ಣ ಮಾಡಿ ಡಿಸೇಬಲ್ ಮಾಡ್ತಾರೆ. ಡಿಸೇಬಲ್ ಆದದ್ದು ಪರದೆ ಮೇಲೆ ಕಾಣುತ್ತೆ, ಸಾಲಿನ ಜೊತೆ ಹೋಗಲ್ಲ. ಪ್ರಿಂಟ್‌ಔಟ್‌ನಲ್ಲಿ ಹೆಸರಿನ ಜಾಗ ಖಾಲಿ. ‘ರೀಡ್‌ಓನ್ಲಿ’ ಅಂತ ಹಾಕಿದ್ದರೆ ಹೋಗುತ್ತಿತ್ತು. ಒಂದು ಪದದ ವ್ಯತ್ಯಾಸ.

ಈಗ ಹೆಸರಿನ ವಿಷಯ. ಕನ್ನಡ ಕ್ಲಬ್‌ನ ಪತ್ರಿಕೆಯಲ್ಲಿ ಬರೀತಿರೋದೇ ಮುಖ್ಯವಾಗಿ ಇದಕ್ಕೆ. ನಾನು ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ. ಕೀಬೋರ್ಡ್‌ನಲ್ಲಿ ನನ್ನ ಹೆಸರು ಇಂಗ್ಲಿಷ್‌ನಲ್ಲೇ ಇರುತ್ತೆ ಅಂತ ನಾನೂ ಪ್ರಶ್ನೆ ಮಾಡದೆ ಬೆಳೆದವನು. ಆದರೆ ಶರಣಬಸವೇಶ್ವರರ ಊರಲ್ಲಿ ಶರಣಬಸಪ್ಪ ಅನ್ನೋ ಹೆಸರನ್ನ ಇಂಗ್ಲಿಷ್‌ನಲ್ಲಿ ಎಷ್ಟು ಥರ ಬರೀತಾರೆ ನೋಡಿ. ‘ರ’ ಆದಮೇಲೆ ‘ಎ’ ಹಾಕೋರು, ಬಿಡೋರು, ‘ಣ’ ಆದಮೇಲೆ ಹಾಕೋರು, ಬಿಡೋರು. ಬಂದೇನವಾಜ್ ದರ್ಗಾದ ಊರಲ್ಲಿ ಖಾಜಾ ಅನ್ನೋದಕ್ಕೂ ನಡುವೆ ‘ಡಬ್ಲ್ಯು’ ಇರೋ ಸ್ಪೆಲಿಂಗ್, ಇಲ್ಲದ ಸ್ಪೆಲಿಂಗ್. ಆಧಾರ್‌ನಲ್ಲಿ ಒಂದು, ಮಾರ್ಕ್ಸ್ ಕಾರ್ಡ್‌ನಲ್ಲಿ ಒಂದು, ಬ್ಯಾಂಕ್‌ನಲ್ಲಿ ಒಂದು. ಕನ್ನಡದಲ್ಲಿ ಬರೆದರೆ ಮೂರೂ ಒಂದೇ. ಹೆಸರು ಹೊಂದ್ತಿಲ್ಲ ಅಂತ ಸ್ಕಾಲರ್‌ಶಿಪ್ ನಿಂತವರು ನಿಮ್ಮ ಹಾಸ್ಟೆಲ್ ಫ್ಲೋರ್‌ನಲ್ಲೇ ಸಿಗ್ತಾರೆ, ಕೇಳಿ ನೋಡಿ.

ಹಾಗಾದ್ರೆ ಕನ್ನಡದಲ್ಲೇ ತಗೊಳ್ಳಲಿ ಅಂದರೆ, ಎಷ್ಟೋ ಫಾರ್ಮ್‌ಗಳ ಹೆಸರಿನ ಬಾಕ್ಸ್‌ಗೆ ‘ಎ’ಯಿಂದ ‘ಝಡ್’ವರೆಗಿನ ಅಕ್ಷರ ಮಾತ್ರ ಅಂತ ಪ್ಯಾಟರ್ನ್ ಹಾಕಿರ್ತಾರೆ. ಕನ್ನಡ ಹಾಕಿದರೆ ‘ಸ್ಪೆಷಲ್ ಕ್ಯಾರೆಕ್ಟರ್ಸ್ ನಾಟ್ ಅಲೌಡ್’ ಅಂತ ಬರುತ್ತೆ. ಕನ್ನಡ ಯೂನಿಕೋಡ್‌ನಲ್ಲಿ ಇರೋದು ಅದರ ಮೊದಲ ಆವೃತ್ತಿಯಿಂದ, 1991ರಿಂದ. ಅದು ಸ್ಪೆಷಲ್ ಕ್ಯಾರೆಕ್ಟರ್ ಅಲ್ಲ, ನನ್ನ ಅಜ್ಜನ ಸಹಿ.

ಕೆಲವರು ಪ್ಯಾಟರ್ನ್ ತೆಗೀತಾರೆ, ಆದರೆ ಲೆಕ್ಕ ಬದಲಿಸಲ್ಲ. ಶರಣಬಸಪ್ಪ ಅಂತ ಓದಿದರೆ ನಮಗೆ ಆರು ಅಕ್ಷರ. ಬ್ರೌಸರ್‌ನ ಮ್ಯಾಕ್ಸ್‌ಲೆಂಗ್ತ್‌ಗೆ ಅದು ಎಂಟು, ಯಾಕಂದ್ರೆ ‘ಪ್ಪ’ ಅನ್ನೋದು ಅದಕ್ಕೆ ಪ, ಹಲಂತ, ಪ ಅಂತ ಮೂರು. ಯುಟಿಎಫ್-8ರಲ್ಲಿ ಒಂದೊಂದಕ್ಕೂ 3 ಬೈಟ್, ಒಟ್ಟು 24 ಬೈಟ್. ಫಾರ್ಮ್‌ನ ಸಾಮಾನ್ಯ ಪದ್ಧತಿಯಲ್ಲಿ ಕಳಿಸುವಾಗ ಪ್ರತಿ ಬೈಟ್ ಒಂದು ಶೇಕಡಾ ಚಿಹ್ನೆ ಮತ್ತು ಎರಡು ಹೆಕ್ಸ್ ಅಂಕಿ ಆಗುತ್ತೆ. ‘ಕ’ ಅನ್ನೋದು %ಇ0 %ಬಿ2 %95 ಅಂತ ಹೋಗುತ್ತೆ, ನಡುವೆ ಜಾಗ ಇಲ್ಲದೆ. ಶರಣಬಸಪ್ಪ ದಾರಿಯಲ್ಲಿ 72 ಅಕ್ಷರ ಆಗಿ ನಡೀತಾನೆ. ಇಂಗ್ಲಿಷ್‌ನಲ್ಲಿ ಬರೆದಿದ್ದರೆ 14ಕ್ಕೆ ಮುಗೀತಿತ್ತು. ದಾರಿ ಉದ್ದ ಆದರೆ ತೊಂದರೆ ಇಲ್ಲ, ಸರ್ವರ್ ಅದನ್ನ ಬಿಚ್ಚಿ ಮತ್ತೆ ಹೆಸರು ಮಾಡುತ್ತೆ. ತೊಂದರೆ ಆಗೋದು ಕೊನೆಯಲ್ಲಿ. ಹೆಸರಿಗೆ 20 ಸಾಕು ಅಂತ ಡೇಟಾಬೇಸ್‌ನಲ್ಲಿ ಬೈಟ್ ಲೆಕ್ಕದಲ್ಲಿ ಜಾಗ ಇಟ್ಟಿದ್ದರೆ 24 ಹಿಡಿಯಲ್ಲ. ಒಂದೋ ಎರರ್, ಇಲ್ಲಾ ಶರಣಬಸಪ ಅಂತ ನಿಂತು ಪಕ್ಕಕ್ಕೆ ಒಂದು ಮುರುಕು ಚೌಕ. ಟೇಬಲ್ ಯುನಿಕೋಡ್ ಅಲ್ಲದಿದ್ದರೆ ಇಡೀ ಹೆಸರು ಎಂಟು ಪ್ರಶ್ನಾರ್ಥಕ ಚಿಹ್ನೆ. ಹಾಲ್ ಟಿಕೆಟ್ ಮೇಲೆ ‘????????’ ಅಂತ ನೋಡಿದ ಹುಡುಗನಿಗೆ ಅದು ತನ್ನ ಹೆಸರೇ ಅಂತ ಹೇಗೆ ಗೊತ್ತಾಗಬೇಕು?

ಇಲ್ಲಿ ನಮ್ಮವರದೂ ಒಂದು ಪಾಲಿದೆ. ನುಡಿ, ಬರಹದ ಹಳೇ ಫಾಂಟ್‌ಗಳಲ್ಲಿ ಟೈಪ್ ಮಾಡಿದ್ದನ್ನ ಹಾಗೇ ಕಾಪಿ ಮಾಡಿ ಫಾರ್ಮ್‌ಗೆ ಹಾಕಿದರೆ ಇಂಗ್ಲಿಷ್ ಅಕ್ಷರಗಳ ಕಿಚಡಿ ಬರುತ್ತೆ. ಅದಕ್ಕೆ ಫಾರ್ಮ್ ಬೈಯೋದು ನ್ಯಾಯ ಅಲ್ಲ.

ಗೆಟ್, ಪೋಸ್ಟ್ ವ್ಯತ್ಯಾಸ ವೈವಾದಲ್ಲಿ ಕೇಳ್ತಾರೆ. ‘ಗೆಟ್ ಅಂದ್ರೆ ಯುಆರ್‌ಎಲ್‌ನಲ್ಲಿ, ಪೋಸ್ಟ್ ಅಂದ್ರೆ ಬಾಡಿಯಲ್ಲಿ’ ಅಂತ ಒಂದೇ ಉಸಿರಿಗೆ ಹೇಳಿ ಬರ್ತೀವಿ. ಮೆಥಡ್ ಹೇಳದೆ ಬಿಟ್ಟರೆ ಫಾರ್ಮ್ ಗೆಟ್ ಅಂತಲೇ ತಗೊಳ್ಳುತ್ತೆ ಅನ್ನೋದು ನಮ್ಮಲ್ಲಿ ಎಷ್ಟು ಜನಕ್ಕೆ ನೆನಪಿರುತ್ತೆ? ಹಾಗೆ ಬಿಟ್ಟ ಫಾರ್ಮ್‌ನಲ್ಲಿ ಆಧಾರ್ ಸಂಖ್ಯೆ ತುಂಬಿದರೆ ಆ 12 ಅಂಕಿ ವಿಳಾಸದ ಪಟ್ಟಿಯಲ್ಲಿ ಕಾಣುತ್ತೆ, ಬ್ರೌಸರ್ ಹಿಸ್ಟರಿಯಲ್ಲಿ ಉಳಿಯುತ್ತೆ, ಸರ್ವರ್‌ನ ಲಾಗ್‌ನಲ್ಲೂ ಉಳಿಯುತ್ತೆ. ನಿಮ್ಮ ಲ್ಯಾಪ್‌ಟಾಪ್‌ನಲ್ಲಾದರೆ ಅಷ್ಟು ಚಿಂತೆ ಇಲ್ಲ. ನೆಟ್ ಸೆಂಟರ್‌ನ ಒಂದು ಕಂಪ್ಯೂಟರ್‌ನಲ್ಲಿ ದಿನಕ್ಕೆ ಎಷ್ಟೋ ಮನೆಯವರು ಕೂರ್ತಾರೆ. ಪೋಸ್ಟ್ ಬಳಸಿದರೂ ಪೂರ್ತಿ ಬಚಾವ್ ಅಲ್ಲ. ಆ ಅಂಗಡಿಯಲ್ಲಿ ಮೊಬೈಲ್ ನಂಬರ್ ಬಾಕ್ಸ್‌ನಲ್ಲಿ ‘9’ ಒತ್ತಿದ ಕೂಡಲೇ ಹಿಂದೆ ಬಂದು ಹೋದವರ ನಂಬರ್‌ಗಳೆಲ್ಲ ಸಾಲಾಗಿ ಕೆಳಗೆ ಇಳಿದವು. ಬ್ರೌಸರ್ ಸಹಾಯ ಮಾಡ್ತಿದೆ, ಪಾಪ. ‘ಆಟೋಕಂಪ್ಲೀಟ್ ಆಫ್’ ಅಂತ ಆ ಬಾಕ್ಸ್‌ಗೆ ಬರೆದಿದ್ದರೆ ಅದು ನೆನಪಿಟ್ಟುಕೊಳ್ಳುತ್ತಿರಲಿಲ್ಲ. ಫಾರ್ಮ್ ಬರೆದವನು ತನ್ನ ರೂಮಿನಲ್ಲಿ, ತನ್ನ ಕಂಪ್ಯೂಟರ್‌ನಲ್ಲಿ, ತನ್ನೊಬ್ಬನ ನಂಬರ್ ಹಾಕಿ ಟೆಸ್ಟ್ ಮಾಡಿದಾನೆ. ಅವನಿಗೆ ಸ್ಟೇಶನ್ ಬಜಾರ ಗೊತ್ತಿಲ್ಲ.

ಟೈಮ್‌ಔಟ್ ಅಂತ ಇನ್ನೊಂದು ಇದೆ. ಒಬ್ಬ ಅವ್ವ ಬಂದಿದ್ದರು. ಆಧಾರ್‌ಗೆ ಜೋಡಿಸಿದ ನಂಬರ್ ಮಗನದು, ಮಗ ಪುಣೆಯಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದಾನೆ. “ಯವ್ವಾ, ಓಟಿಪಿ ಬಂದದೇನ್ ಮಗನ್ಗಿ ಕೇಳ್ರಿ” ಅಂದರು ಅಣ್ಣ. ಅವ್ವ ಫೋನ್ ಹಚ್ಚಿದರು. ಮೊದಲ ಸಲ ಎತ್ತಲಿಲ್ಲ. ಎರಡನೇ ಸಲ ಎತ್ತಿದ, ಮೆಸೇಜ್ ಹುಡುಕಿ ಓದೋ ಹೊತ್ತಿಗೆ ಸೆಷನ್ ಮುಗಿದು ಪುಟ ಮೊದಲಿಗೆ ಹೋಗಿತ್ತು. ಹೊಸ ಓಟಿಪಿ, ಮತ್ತೆ ಫೋನ್. ಸುರಕ್ಷತೆಗೆ ಓಟಿಪಿ ಬೇಗ ಮುಗೀಬೇಕು ಅನ್ನೋದು ಒಪ್ಪೋಣ. ಆದರೆ ಓಟಿಪಿ ಮುಗಿದ ಮಾತ್ರಕ್ಕೆ ತುಂಬಿದ ಮೂವತ್ತು ಬಾಕ್ಸ್ ಯಾಕೆ ಹೋಗಬೇಕು? ಅದನ್ನ ಡ್ರಾಫ್ಟ್ ಆಗಿ ಸರ್ವರ್‌ನಲ್ಲಿ ಇಟ್ಟುಕೊಂಡರೆ ಯಾರ ಗಂಟೂ ಹೋಗಲ್ಲ.

ದುಡ್ಡು ಕಟ್ಟೋ ಫಾರ್ಮ್ ಬಗ್ಗೆ ನಿಮಗೇ ಅನುಭವ ಇರುತ್ತೆ. ಸಬ್ಮಿಟ್ ಒತ್ತಿದ ಮೇಲೆ ಚಕ್ರ ತಿರುಗುತ್ತೆ, ಏನೂ ಬರಲ್ಲ. ಇಲ್ಲೊಂದು ವಿಷಯ ತಿಳಿದಿರಲೇಬೇಕು. ಉತ್ತರ ಬರಲಿಲ್ಲ ಅಂದರೆ ಕೆಲಸ ಆಗಿಲ್ಲ ಅಂತ ಅರ್ಥ ಅಲ್ಲ. ಸಾಲು ಸರ್ವರ್ ಮುಟ್ಟಿರಬಹುದು, ದುಡ್ಡು ಕಟ್ ಆಗಿರಬಹುದು, ವಾಪಸ್ ಬರೋ ಉತ್ತರ ಮಾತ್ರ ದಾರಿಯಲ್ಲಿ ಬಿದ್ದಿರಬಹುದು. ಗೆಟ್ ಎಷ್ಟು ಸಲ ಕೇಳಿದರೂ ಅಲ್ಲಿ ಏನೂ ಬದಲಾಗಬಾರದು ಅನ್ನೋದು ನಿಯಮ. ಪೋಸ್ಟ್‌ಗೆ ಆ ಭರವಸೆ ಇಲ್ಲ, ಎರಡು ಸಲ ಕಳಿಸಿದರೆ ಎರಡು ಸಲ ಆಗಬಹುದು. ಅದಕ್ಕೇ ರಿಫ್ರೆಶ್ ಮಾಡಿದಾಗ ಬ್ರೌಸರ್ ‘ಮತ್ತೆ ಕಳಿಸಲಾ’ ಅಂತ ಕೇಳೋದು. ಇದಕ್ಕೆ ಮದ್ದು ಎಂದೋ ಇದೆ. ಫಾರ್ಮ್ ಕೊಡುವಾಗಲೇ ಅದರೊಳಗೆ ಕಾಣದ ಹಾಗೆ ಒಂದು ಸಲಕ್ಕೆ ಮಾತ್ರ ನಡೆಯೋ ಸಂಖ್ಯೆ ಇಡೋದು. ಅದೇ ಸಂಖ್ಯೆ ಎರಡನೇ ಸಲ ಬಂದರೆ ಸರ್ವರ್ ಮತ್ತೆ ದುಡ್ಡು ಹಿಡಿಯದೆ ಮೊದಲನೇ ರಸೀದಿಯನ್ನೇ ತೋರಿಸೋದು. ಕೆಲಸ ಆದ ಮೇಲೆ 303 ಅನ್ನೋ ಉತ್ತರ ಕೊಟ್ಟು ರಸೀದಿಯ ಪುಟಕ್ಕೆ ಕಳಿಸೋದು, ಆಮೇಲೆ ಎಷ್ಟು ರಿಫ್ರೆಶ್ ಮಾಡಿದರೂ ಬರೀ ರಸೀದಿ ಬರುತ್ತೆ. ಇದನ್ನೆಲ್ಲ ಮಾಡೋ ಬದಲು ‘ದಯವಿಟ್ಟು ರಿಫ್ರೆಶ್ ಅಥವಾ ಬ್ಯಾಕ್ ಬಟನ್ ಒತ್ತಬೇಡಿ’ ಅಂತ ಕೆಂಪಗೆ ಬರೆದು ಕೈ ತೊಳೆದುಕೊಳ್ತಾರೆ. ಸೇತುವೆಗೆ ಕಂಬಿ ಹಾಕದೆ ‘ಬೀಳಬೇಡಿ’ ಅಂತ ಬೋರ್ಡ್ ಹಾಕಿದ ಹಾಗೆ. ಸಿವಿಲ್‌ನವರು ಹೀಗೆ ಮಾಡಿದರೆ ನಾವು ಬಿಡ್ತೀವಾ?

ಇದನ್ನೆಲ್ಲ ಹೇಳಿದಾಗ ಗೆಳೆಯರು ಎರಡು ಮಾತು ಹೇಳಿದರು. ಒಂದು, ಫಾರ್ಮ್ ಹಳೇದಾಯ್ತು, ಈಗ ಎಲ್ಲಾ ಆ್ಯಪ್. ಆ್ಯಪ್ ಕೂಡ ಕೊನೆಗೆ ಸರ್ವರ್‌ಗೆ ಪೋಸ್ಟ್ ಮಾಡೋದೇ, ಪೋಣಿಸೋ ರೀತಿ ಜೇಸನ್ ಅಂತ ಬೇರೆ ಇರಬಹುದು. ಕಮಲಾಪುರ ಪಟ್ಟಿಯಲ್ಲಿಲ್ಲದಿದ್ದರೆ ಆ್ಯಪ್‌ನಲ್ಲೂ ಇಲ್ಲ. ಎರಡನೇದು ಸ್ವಲ್ಪ ಗಟ್ಟಿ ಮಾತು: ಸಡಿಲ ಬಿಟ್ಟರೆ ಜನ ಏನೇನೋ ತುಂಬ್ತಾರೆ, ಕಳ್ಳ ಅರ್ಜಿ ಬರ್ತವೆ, ಹಾಗಾಗಿ ಬಿಗಿ ಬೇಕು. ಬೇಕು, ಒಪ್ಪಿದೆ. ಆದರೆ ಬ್ರೌಸರ್‌ನಲ್ಲಿ ಹಾಕೋ ಪ್ಯಾಟರ್ನ್ ಕಳ್ಳನನ್ನ ತಡೆಯಲ್ಲ. ಅವನು ಫಾರ್ಮ್ ತೆರೆಯದೆಯೇ ಆ ಸಾಲನ್ನ ಕೈಯಿಂದ ಬರೆದು ಸರ್ವರ್‌ಗೆ ಕಳಿಸಬಲ್ಲ, ನಮ್ಮ ಕ್ಲಾಸಿನ ಹತ್ತು ಜನಕ್ಕೆ ಅದು ಬರುತ್ತೆ. ಕಳ್ಳನನ್ನ ಹಿಡಿಯೋ ಪರೀಕ್ಷೆ ಸರ್ವರ್‌ನಲ್ಲೇ ಆಗಬೇಕು. ಆಧಾರ್‌ನ ಕೊನೆಯ ಅಂಕಿ ಉಳಿದ ಹನ್ನೊಂದಕ್ಕೆ ಹೊಂದುತ್ತಾ ಅಂತ ವೆರ್ಹೂಫ್ ಲೆಕ್ಕದಿಂದ ನೋಡೋದಾಗಲಿ, ಪ್ರಮಾಣಪತ್ರದ ಆರ್‌ಡಿ ನಂಬರ್ ನಿಜವಾ ಅಂತ ನೋಡೋದಾಗಲಿ. ಬ್ರೌಸರ್‌ನ ಪರೀಕ್ಷೆ ಇರೋದು ತುಂಬೋರಿಗೆ ಸಹಾಯ ಮಾಡೋಕೆ, ‘ಇಲ್ಲೊಂದು ಅಂಕಿ ಕಮ್ಮಿ ಇದೆ ನೋಡಿ’ ಅಂತ ಮೊದಲೇ ಹೇಳೋಕೆ. ನಾವು ಉಲ್ಟಾ ಮಾಡ್ತೀವಿ. ಕಳ್ಳನಿಗೆ ದಾರಿ ಬಿಟ್ಟು ಕಾಕಾನನ್ನ ತಡೀತೀವಿ.

ಸರ್ವರ್ ನಿಜವಾಗಿಯೂ ಡೌನ್ ಆಗಲ್ಲ ಅಂತ ನಾನು ಹೇಳ್ತಿಲ್ಲ. ಕೊನೇ ದಿನ ಲಕ್ಷಗಟ್ಟಲೆ ಜನ ಒಟ್ಟಿಗೆ ಬಂದರೆ ಯಾವ ಸರ್ವರ್ ಆದರೂ ಸುಸ್ತಾಗುತ್ತೆ. ಆದರೆ ಒಂದು ತಪ್ಪಿಗೆ ಇಡೀ ಫಾರ್ಮ್ ಮೂರು ಸಲ ಕಳಿಸಬೇಕಾದರೆ, 50 ಕೆಬಿ ಮಿತಿ ಅಂತ 3 ಎಂಬಿ ಫೋಟೋ ಅಪ್‌ಲೋಡ್ ಆದ ಮೇಲೆ ಹೇಳಿದರೆ, ಆ ಸುಸ್ತಿನಲ್ಲೂ ಫಾರ್ಮ್‌ನ ಪಾಲಿದೆ.

ನಮ್ಮ ಕೈಯಲ್ಲಿರೋದರಿಂದ ಶುರು ಮಾಡೋಣ. ವೆಬ್ ಲ್ಯಾಬ್‌ನಲ್ಲಿ ಫಾರ್ಮ್ ಪ್ರೋಗ್ರಾಂ ಚೆಕ್ ಮಾಡುವಾಗ ಔಟ್‌ಪುಟ್ ಜೊತೆಗೆ ಒಂದು ತಪ್ಪು ಇನ್‌ಪುಟ್ ಕೊಟ್ಟು ಏನಾಗುತ್ತೆ ಅಂತಲೂ ನೋಡಬೇಕು ಅಂತ ನಾವೇ ಮೇಡಂಗೆ ಕೇಳಬಹುದು. ಡೆವಲಪರ್ ಟೂಲ್ಸ್‌ನ ನೆಟ್‌ವರ್ಕ್ ಟ್ಯಾಬ್ ತೆರೆದಿಟ್ಟು ಒಮ್ಮೆ ಸಬ್ಮಿಟ್ ಒತ್ತಿ, ಆ ಸಾಲು ಹೋಗೋದನ್ನ ಕಣ್ಣಾರೆ ನೋಡಬಹುದು. ನವೆಂಬರ್‌ನಲ್ಲಿ ನಮ್ಮ ಕ್ಲಬ್‌ನ ರಾಜ್ಯೋತ್ಸವ ಕಾರ್ಯಕ್ರಮಕ್ಕೆ ರಿಜಿಸ್ಟ್ರೇಶನ್ ಫಾರ್ಮ್ ಬರೆಯೋದು ನಮ್ಮ ಬ್ಯಾಚ್. ಆ ಫಾರ್ಮ್‌ನಲ್ಲಿ ಸರ್‌ನೇಮ್ ಕಡ್ಡಾಯ ಇರಲ್ಲ. ಹೆಸರು ಕನ್ನಡದಲ್ಲಿ ಬರೆದರೆ ತಗೊಳ್ಳುತ್ತೆ, ತಪ್ಪಾದರೆ ಬರೆದದ್ದೆಲ್ಲ ಹಾಗೇ ವಾಪಸ್ ಕೊಡುತ್ತೆ. ಬಿಡುಗಡೆಗೆ ಮೊದಲು ಅದನ್ನ ಪೆನ್‌ಡ್ರೈವ್‌ನಲ್ಲಿ ಸ್ಟೇಶನ್ ಬಜಾರದ ಆ ಅಣ್ಣನ ಅಂಗಡಿಗೆ ಒಯ್ದು, ನೋಟ್‌ಪ್ಯಾಡ್ ತೆರೆಯದೆ ತುಂಬಿ ತೋರಿಸಿ ಅಂತ ಕೇಳೋದು ಅಂತ ಮಾತಾಡಿಕೊಂಡಿದೀವಿ. ಜೊತೆಗೆ ಬರೋರು ಶನಿವಾರ ಮಧ್ಯಾಹ್ನ ಲ್ಯಾಬ್ ಮುಗಿದ ಮೇಲೆ ಗೇಟ್ ಹತ್ತಿರ ಇರಿ.